ತೋಟಕ್ಕೂ ಬೇಕು, ಹೈವೇಗೂ ಬೇಕು: ಜಿಮ್ನಿಯನ್ನು ಸಜ್ಜು ಮಾಡುವ ಬಗೆ

ಕಳೆದ ಮಳೆಗಾಲದಲ್ಲಿ ಭಾವನ ಜಿಮ್ನಿಯಲ್ಲಿ (ಮಾರುತಿಯ ಸಣ್ಣ ಫೋರ್ ವೀಲ್ ಡ್ರೈವ್ ಗಾಡಿ) ಸಕಲೇಶಪುರದಿಂದ ಬೆಂಗಳೂರಿಗೆ ಹೊರಟಿದ್ದೆವು. ಚನ್ನರಾಯಪಟ್ಟಣ ದಾಟಿ ಸ್ವಲ್ಪ ದೂರ ಬಂದಿದ್ದೆವು. ಮುಂದಿನ ಚಕ್ರ ಸೇತುವೆಯ ಜಾಯಿಂಟ್ ಮೇಲೆ ಹತ್ತಿ ಇಳಿದದ್ದೇ ತಡ, ಸ್ಟೇರಿಂಗ್ ಗಡಗಡ ನಡುಗಲು ಶುರುವಾಯಿತು. ಭಾವ ಎರಡೂ ಕೈಯಲ್ಲಿ ಅಮುಕಿ ಹಿಡಿದರೂ ನಿಲ್ಲಲಿಲ್ಲ. ವೇಗ ನಲವತ್ತಕ್ಕೆ ಇಳಿದ ಮೇಲಷ್ಟೇ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿ ಅಕ್ಕ, ಮಕ್ಕಳು ಇದ್ದರು. ಹದಿನೈದು ದಿನದ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಎರಡು ಇಂಚು ಎತ್ತಿಸಿದ್ದರು. ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿದಿತ್ತಂತೆ.

ಅದೇ ತಪ್ಪನ್ನು ಆಮೇಲೆ ಇನ್ನೂ ಮೂರ್ನಾಲ್ಕು ಗಾಡಿಗಳಲ್ಲಿ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ಕೆಲಸ, ಮಲೆನಾಡಲ್ಲಿ ತೋಟ ಇರುವವರು ನಮ್ಮಲ್ಲಿ ಜಾಸ್ತಿ. ವಾರಕ್ಕೊಮ್ಮೆ ಹೋಗಿ ಬಂದರೆ ಕುಣಿಗಲ್, ಹಾಸನದ ಮೇಲೆ ಸುಮಾರು 450 ಕಿ.ಮೀ. ಟಾರು ರಸ್ತೆ. ತೋಟದ ಮಣ್ಣಿನ ದಾರಿ ಎರಡೂ ಕಡೆ ಸೇರಿ ಹತ್ತು ಹನ್ನೆರಡು ಕಿ.ಮೀ. ಇದ್ದರೆ ಹೆಚ್ಚು. ಹಾಗಾಗಿ ಗಾಡಿಯನ್ನು ಮೊದಲು ಆ 450ಕ್ಕೆ ಸರಿಯಾಗಿ ಇಟ್ಟುಕೊಳ್ಳಬೇಕು. ಉಳಿದ ಹನ್ನೆರಡಕ್ಕೆ ಎಷ್ಟು ಬೇಕೋ ಅಷ್ಟನ್ನೇ ಸೇರಿಸಬೇಕು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಹಂತ 1: ಕಾಗದ ಪತ್ರ

ಯಾವ ಬೋಲ್ಟ್ ಬಿಚ್ಚುವ ಮೊದಲೂ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆ ಕಂಪನಿಗೆ ಬರೆದು ತಿಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಒಪ್ಪಿಗೆ ಸಿಗದ ಕೆಲಸವನ್ನು ಅಲ್ಲಿಗೇ ಬಿಟ್ಟುಬಿಡಿ.

ಹಂತ 2: ಟಯರ್

ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಉಪಯೋಗ ಸಿಗುವುದು ಇಲ್ಲಿ. ಎಷ್ಟೋ ಗಾಡಿಗಳಿಗೆ ಇದೊಂದೇ ಸಾಕು.

ಎಟಿ (ಟಾರು, ಮಣ್ಣು ಎರಡಕ್ಕೂ ಆಗುವ) ಟಯರ್ ಹಾಕಿಸಿ, ಎಂಟಿ (ಕೆಸರಿಗೆಂದೇ ಮಾಡಿದ್ದು) ಬೇಡ. ದಪ್ಪ ಬಟನ್ ಇರುವ ಎಂಟಿ ಕೆಸರಿನಲ್ಲಿ ಚೆನ್ನಾಗಿ ಕಚ್ಚುತ್ತದೆ, ನಿಜ. ಆದರೆ ಒದ್ದೆ ಟಾರಿನ ಮೇಲೆ ಬ್ರೇಕ್ ಒತ್ತಿದಾಗ ಅಷ್ಟು ಹಿಡಿಯುವುದಿಲ್ಲ. ನಾಲ್ಕು ಗಂಟೆ ಅದರ ಗುಂಯ್ ಸದ್ದು ಕೇಳುತ್ತಾ ಕೂತರೆ ತಲೆ ಸಿಡಿಯುತ್ತದೆ.

ಅಳತೆಯಲ್ಲಿ ಆಸೆ ಬೇಡ. ಜಿಮ್ನಿಗೆ ಬರುವುದು 195/80 ಆರ್15. ಅದರ ಎತ್ತರ 693 ಮಿ.ಮೀ. 235/75 ಆರ್15 ಹಾಕಿಸಿದರೆ ಟಯರಿನ ಎತ್ತರ 40 ಮಿ.ಮೀ. ಹೆಚ್ಚುತ್ತದೆ. ಅಚ್ಚಿನ ಕೆಳಗೆ ನಮಗೆ ಸಿಗುವುದು ಅದರ ಅರ್ಧ, ಅಂದರೆ 20 ಮಿ.ಮೀ. ಅಷ್ಟಕ್ಕಾಗಿ ಮೀಟರ್ ನೂರು ತೋರಿಸುವಾಗ ಗಾಡಿ ಮೊದಲಿಗಿಂತ ಆರು ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ. ಇರುವುದು 1.5 ಲೀಟರಿನ ಪೆಟ್ರೋಲ್ ಎಂಜಿನ್. ಘಾಟಿ ಏರುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗುತ್ತದೆ. ನನ್ನ ಮಾತು ಕೇಳುವುದಾದರೆ ಕಂಪನಿ ಅಳತೆಯಲ್ಲೇ ಒಳ್ಳೆ ಎಟಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಟಯರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2324 ಅಂತಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಎರಡು ವರ್ಷ ಗೋದಾಮಿನಲ್ಲಿ ಕೂತ ಟಯರನ್ನು ರಿಯಾಯಿತಿ ಅಂತ ಕೊಡಲು ಬಂದರೆ ಬೇಡ ಅನ್ನಿ. ಐದೂ ಟಯರ್ ಒಂದೇ ಅಳತೆ, ಒಂದೇ ಜಾತಿ ಇರಲಿ. ಸ್ಟೆಪ್ನಿಯಲ್ಲಿ ಉಳಿತಾಯ ಮಾಡಿದವರು ಪಂಚರ್ ಆದ ದಿನ 4ಎಚ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಗೇರು) ಹಾಕುವ ಹಾಗಿರುವುದಿಲ್ಲ. ಈ ಗಾಡಿಯಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್, ಇಲ್ಲ. ಚಕ್ರದ ಅಳತೆ ಬೇರೆಯಾದರೆ ಗೇರ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಒಣ ಟಾರಿನ ಮೇಲೆ 4ಎಚ್ ಓಡಿಸಬಾರದು ಅನ್ನುವುದೂ ಇದೇ ಕಾರಣಕ್ಕೆ.

ಹಂತ 3: ಎತ್ತರಿಸುವುದು

ಕೆಲಸ ಕೆಡುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲ ಪ್ರಶ್ನೆ, ಎತ್ತರಿಸಲೇಬೇಕಾ? ಗಾಡಿಯ ಅತಿ ಕೆಳಗಿನ ಭಾಗವೇ ನೆಲದಿಂದ 210 ಮಿ.ಮೀ. ಮೇಲಿದೆ. ತೋಟದ ದಾರಿಯಲ್ಲಿ ನಡುವಿನ ದಿಬ್ಬ ತಳಕ್ಕೆ ಉಜ್ಜುತ್ತಿದ್ದರೆ ಮಾತ್ರ ಯೋಚಿಸಿ. ಉಜ್ಜಿದರೂ ಒಂದೂವರೆ ಇಂಚಿಗೆ ನಿಲ್ಲಿಸಿ.

ಸ್ಪ್ರಿಂಗ್ ಮೇಲೆ ಬಿಲ್ಲೆ ಇಟ್ಟು ಎತ್ತರಿಸುವ ಸ್ಪೇಸರ್ ಕಿಟ್‌ಗಳು ಅಗ್ಗಕ್ಕೆ ಸಿಗುತ್ತವೆ. ತೆಗೆದುಕೊಳ್ಳಬೇಡಿ. ಗಾಡಿ ಎತ್ತರವಾಗುತ್ತದೆ, ಶಾಕ್ ಅಬ್ಸಾರ್ಬರ್ ಮಾತ್ರ ಮೊದಲಿನಷ್ಟೇ ಉದ್ದ ಇರುತ್ತದೆ. ಕೊರಕಲಿಗೆ ಚಕ್ರ ಇಳಿದಾಗಲೆಲ್ಲ ಶಾಕ್ ಪೂರ್ತಿ ಚಾಚಿ ಟಕ್ ಟಕ್ ಅಂತ ಬಡಿಯುತ್ತದೆ. ಎತ್ತರಿಸುವುದೇ ಆದರೆ ಸ್ಪ್ರಿಂಗ್, ಅದಕ್ಕೆ ಹೊಂದುವ ಉದ್ದದ ಶಾಕ್ ಎರಡನ್ನೂ ಒಟ್ಟಿಗೆ ಬದಲಿಸಿ. ಸ್ಪ್ರಿಂಗ್ ಕೊಳ್ಳುವಾಗ ಗಾಡಿಯಲ್ಲಿ ಎಷ್ಟು ಭಾರ ಇರುತ್ತದೆ ಅಂತ ಸರಿಯಾಗಿ ಹೇಳಿ. ಹೊರೆ ಹೊರುವ ಗಟ್ಟಿ ಸ್ಪ್ರಿಂಗ್ ಹಾಕಿ ಖಾಲಿ ಗಾಡಿ ಓಡಿಸಿದರೆ ಹೈವೇಯಲ್ಲಿ ಕುಣಿಯುತ್ತಾ ಹೋಗುತ್ತದೆ.

ಇನ್ನು ಭಾವನ ಗಾಡಿ ನಡುಗಿದ್ದು ಯಾಕೆ ಅಂತ ನೋಡೋಣ. ಸೈಕಲ್ಲಿನ ಮುಂದಿನ ಫೋರ್ಕ್ ಗಮನಿಸಿ. ನೆಟ್ಟಗೆ ಕೆಳಗಿಳಿಯದೆ ಸ್ವಲ್ಪ ಓರೆಯಾಗಿರುತ್ತದೆ. ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಆ ಓರೆಯೂ ಒಂದು ಕಾರಣ. ಗಾಡಿಯ ಮುಂದಿನ ಚಕ್ರಕ್ಕೂ ಅಂಥದೇ ಓರೆ ಇದೆ, ಅದೇ ಕ್ಯಾಸ್ಟರ್. ಜಿಮ್ನಿಯ ಮುಂದಿನ ಅಚ್ಚು ಒಂದೇ ಗಟ್ಟಿ ಅಚ್ಚು. ಚಾಸಿಯಿಂದ ಬರುವ ಎರಡು ಉದ್ದ ತೋಳುಗಳಿಗೆ ಅದನ್ನು ಬಿಗಿದಿರುತ್ತಾರೆ. ಗಾಡಿ ಎತ್ತರಿಸಿದರೆ ತೋಳುಗಳು ಕೆಳಕ್ಕೆ ಬಾಗುತ್ತವೆ, ಅವುಗಳ ಜೊತೆ ಅಚ್ಚೂ ತುಸು ತಿರುಗುತ್ತದೆ, ಓರೆ ಕಡಿಮೆಯಾಗುತ್ತದೆ. ಆಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಎಲ್ಲೋ ಒಂದು ಬುಷ್ (ಕೀಲಿನೊಳಗಿನ ರಬ್ಬರ್ ತುಂಡು) ಸಡಿಲ ಇದ್ದರೆ, ಒಂದು ಗುಂಡಿ ಸಿಕ್ಕರೆ ಸಾಕು, ನಡುಕ ಶುರು.

ಸುಮ್ನೆ ಅಲೈನ್‌ಮೆಂಟ್ ಮಾಡಿಸಿದರೆ ಇದು ಸರಿಹೋಗಲ್ಲ. ಈ ಗಾಡಿಯಲ್ಲಿ ಅಲೈನ್‌ಮೆಂಟ್ ಅಂಗಡಿಯವರು ತಿರುಗಿಸಿ ಸರಿ ಮಾಡಬಹುದಾದದ್ದು ಟೋ (ಮೇಲಿಂದ ನೋಡಿದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ. ಯಂತ್ರದ ಪರದೆಯಲ್ಲಿ ಅದನ್ನು ಹಸಿರಿಗೆ ತಂದು ಗಾಡಿ ಕಳಿಸಿಬಿಡುತ್ತಾರೆ. ಭಾವನಿಗೆ ಕೊಟ್ಟ ಅಲೈನ್‌ಮೆಂಟ್ ಚೀಟಿಯಲ್ಲೂ ಕ್ಯಾಸ್ಟರ್ ಮುಂದೆ ಕೆಂಪು ಅಂಕಿ ಇತ್ತು, ಯಾರೂ ನೋಡಿರಲಿಲ್ಲ. ಎತ್ತರಿಸುವ ಮೊದಲು ಒಂದು ಚೀಟಿ, ಆದ ಮೇಲೆ ಒಂದು ಚೀಟಿ ಕೇಳಿ ಪಡೆಯಿರಿ. ಕ್ಯಾಸ್ಟರ್ ಕಡಿಮೆಯಾಗಿದ್ದರೆ ತೋಳಿಗೆ ಕ್ಯಾಸ್ಟರ್ ಸರಿಪಡಿಸುವ ಬುಷ್ ಹಾಕಿಸಲೇಬೇಕು. ಇದರ ತೂತು ನಡುವಿಂದ ಸ್ವಲ್ಪ ಸರಿದಿರುತ್ತದೆ. ಒಂದನ್ನು ತಿರುವುಮುರುವಾಗಿ ಕೂರಿಸಿದರೂ ಕೆಲಸ ಇನ್ನಷ್ಟು ಕೆಡುತ್ತದೆ, ಹಾಗಾಗಿ ಗುರುತು ನೋಡಿ ಪ್ರೆಸ್‌ನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಹೊಡೆಯಲು ಬಿಡಬೇಡಿ.

ಎರಡನೆಯದು ಅಡ್ಡ ರಾಡ್. ಒಂದು ತುದಿ ಚಾಸಿಗೆ, ಇನ್ನೊಂದು ಅಚ್ಚಿಗೆ. ಗಾಡಿ ಎತ್ತರಿಸಿದಾಗ ಈ ರಾಡ್ ಇನ್ನಷ್ಟು ಇಳಿಜಾರಾಗಿ ಇಡೀ ಅಚ್ಚನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಮಾಡುವುದು ಹೀಗೆ. ಸಮ ನೆಲದಲ್ಲಿ, ನಮ್ಮಲ್ಲಾದರೆ ಕಾಫಿ ಒಣಗಿಸುವ ಕಣದಲ್ಲಿ, ಸ್ಟೇರಿಂಗ್ ನೇರ ಮಾಡಿ ಗಾಡಿ ನಿಲ್ಲಿಸುತ್ತೇನೆ. ಒಂದು ದಾರಕ್ಕೆ ನಟ್ ಕಟ್ಟಿ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಡುತ್ತೇನೆ. ದಾರಕ್ಕೂ ಟಯರಿಗೂ ನಡುವೆ ಎಷ್ಟು ಜಾಗ ಇದೆ ಅಂತ ಎಡಕ್ಕೂ ಬಲಕ್ಕೂ ಸ್ಕೇಲಿನಲ್ಲಿ ಅಳೆದು ಬರೆದಿಡುತ್ತೇನೆ. ಹಿಂದಿನ ಚಕ್ರಗಳಿಗೂ ಹಾಗೇ. ಎತ್ತರಿಸಿದ ಮೇಲೆ ಮತ್ತೆ ಅಳೆಯಬೇಕು. ಮೊದಲು ಎರಡೂ ಕಡೆ ಸಮ ಇದ್ದು, ಈಗ ಒಂದು ಕಡೆ ಇನ್ನೊಂದು ಕಡೆಗಿಂತ 10 ಮಿ.ಮೀ. ಜಾಸ್ತಿ ಬಂದರೆ ಅಚ್ಚು 5 ಮಿ.ಮೀ. ಸರಿದಿದೆ ಅಂತ ಅರ್ಥ. ಉದ್ದ ಹೊಂದಿಸಬಹುದಾದ ರಾಡ್ ಹಾಕಿ ಅದನ್ನು ವಾಪಸ್ ತರಬೇಕು.

ಈ ಹೊತ್ತಿಗೆ ಸ್ಟೇರಿಂಗ್ ಚಕ್ರ ವಾರೆಯಾಗಿ ನಿಂತಿರುತ್ತದೆ. ಕೆಲವರು ಅದನ್ನೇ ಕಳಚಿ ನೇರಕ್ಕೆ ಕೂರಿಸಿಬಿಡುತ್ತಾರೆ. ಬಿಡಬೇಡಿ. ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಲೆಕ್ಕ ಇಡುತ್ತಿರುತ್ತದೆ, ಅದು ತಪ್ಪುತ್ತದೆ. ಕೆಳಗಿನ ಸ್ಟೇರಿಂಗ್ ರಾಡಿನ ಉದ್ದ ಹೊಂದಿಸಿಯೇ ನೇರ ಮಾಡಬೇಕು.

ಇನ್ನೊಂದನ್ನು ಎದುರು ನಿಂತು ನೋಡಿ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ಲಿಫ್ಟ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ಊರಿ, ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿತ. 500 ಕಿ.ಮೀ. ಓಡಿದ ಮೇಲೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಮತ್ತೊಮ್ಮೆ. ಚಕ್ರ ಪೂರ್ತಿ ಇಳಿಬಿದ್ದಾಗ, ಸ್ಟೇರಿಂಗ್ ಕೊನೆಯವರೆಗೆ ತಿರುಗಿದಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆದಂತಾಗುತ್ತವಾ ಅಂತ ಕೈಯಲ್ಲಿ ಮುಟ್ಟಿ ನೋಡಿ. ಹೆಡ್‌ಲೈಟನ್ನೂ ತಗ್ಗಿಸಿ. ಎದುರು ಬರುವವರ ಕಣ್ಣಿಗೆ ಹೊಡೆಯಬಾರದು ಅಲ್ವಾ.

ಇಷ್ಟಕ್ಕೆ ಎರಡು ದಿನ ಬೇಕು. ಸಂಜೆಗೆ ಕೊಡ್ತೀವಿ ಅನ್ನುವ ಗ್ಯಾರೇಜಿಗೆ ಗಾಡಿ ಕೊಡಬೇಡಿ.

ಹಂತ 4: ಭಾರ

ಕಬ್ಬಿಣದ ಬಂಪರ್, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರು), ಮೇಲೆ ಕ್ಯಾರಿಯರ್, ಅದರ ಮೇಲೊಂದು ಸ್ಟೆಪ್ನಿ. ಇವು ಯಾವುವೂ ಬೇಡ. ಸುಮಾರು 1,200 ಕೆ.ಜಿ.ಯ ಎತ್ತರದ ಗಾಡಿ ಇದು. ತಲೆಯ ಮೇಲೆ ಭಾರ ಹೊತ್ತರೆ ಬಯಲಿನ ಗಾಳಿಗೆ ಓಲಾಡುತ್ತದೆ. ಬುಲ್ ಬಾರ್ (ಗಾಡಿಯ ಮುಂದೆ ಕೂರಿಸುವ ಕಬ್ಬಿಣದ ಕಂಬಿ) ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಒಳ್ಳೆ ಹಗ್ಗ, ಅದನ್ನು ಸಿಕ್ಕಿಸಲು ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ), ಒಂದು ಗುದ್ದಲಿ ಸಾಕು. ಕೆಸರಲ್ಲಿ ಹೂತಾಗ ಗುದ್ದಲಿ ಮಾಡುವಷ್ಟು ಕೆಲಸ ಬೇರೆ ಯಾವುದೂ ಮಾಡುವುದಿಲ್ಲ.

ಹಂತ 5: ನೀರು, ಮಂಜು

ಅಚ್ಚಿನ ಬ್ರೀದರ್‌ಗೆ (ಒಳಗಿನ ಗಾಳಿ ಆಡುವ ತೂತಿಗೆ) ಒಂದು ಪೈಪ್ ಸೇರಿಸಿ ಎಂಜಿನ್ ಹತ್ತಿರ ಎತ್ತರಕ್ಕೆ ಕಟ್ಟಿಸಿ. ಬಿಸಿಯಾದ ಅಚ್ಚು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗೆ ನೀರು ಎಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ. ಮಳೆಗಾಲ ಮುಗಿದ ಮೇಲೆ ಅಚ್ಚಿನ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ. ಮಂಜಿಗೆ ಕೆಳಗೆ ಕೂರುವ ಹಳದಿ ಫಾಗ್ ಲ್ಯಾಂಪ್ ಒಳ್ಳೆಯದು. ರಿಲೇ, ಫ್ಯೂಸ್ ಇಲ್ಲದೆ ವೈರ್ ಎಳೆಯಲು ಬಿಡಬೇಡಿ.

ಹಂತ 6: ಪ್ರತಿ ವಾರದ ಕೆಲಸ

ಮಣ್ಣಿನ ದಾರಿ ಶುರುವಾಗುವಲ್ಲಿ ಗಾಳಿಯನ್ನು 18 ಪಿಎಸ್ಐಗೆ ಇಳಿಸಿ. ಟಯರ್ ಅಗಲವಾಗಿ ಹರಡಿ ಹಿಡಿತ ಎಷ್ಟು ಹೆಚ್ಚುತ್ತದೆ ಅನ್ನುವುದು ಮೊದಲ ಏರಿನಲ್ಲೇ ಗೊತ್ತಾಗುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟಯರ್ ರಿಮ್ ಬಿಟ್ಟು ಕಳಚಬಹುದು. ಟಾರಿಗೆ ಹತ್ತುವ ಮೊದಲು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುವಷ್ಟು ಮತ್ತೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ಹೈವೇ ಓಡಿದರೆ ಟಯರ್ ಕಾಯ್ದು ಸಿಡಿಯುತ್ತದೆ. ಕಂಪ್ರೆಸರ್ ಕೊಳ್ಳುವುದಾದರೆ ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ಕೊಳ್ಳಿ.

ಭಾನುವಾರ ಸಂಜೆ ಹೊರಡುವ ಮುಂಚೆ ರಿಮ್ಮಿನ ಒಳಭಾಗಕ್ಕೆ ಪೈಪಿನಲ್ಲಿ ನೀರು ಬಿಡಿ. ಹೊರಗೆ ತೊಳೆದರೆ ಸಾಲದು. ನಮ್ಮ ಕೆಂಪು ಮಣ್ಣು ಅಲ್ಲಿ ಬೊಗಸೆಯಷ್ಟು ಮೆತ್ತಿಕೊಂಡು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಎಂಬತ್ತು ದಾಟಿದ ಕೂಡಲೇ ಸ್ಟೇರಿಂಗ್ ಅದುರುತ್ತದೆ. ಜನ ಬ್ಯಾಲೆನ್ಸಿಂಗ್ ಹೋಯ್ತು ಅಂತ ಅಂಗಡಿಗೆ ಓಡುತ್ತಾರೆ. ಚಕ್ರದ ಹಿಂದೆ ಕೈ ಹಾಕಿ ಬೆರಳಲ್ಲಿ ಸುತ್ತ ಸವರಿ. ಎಲ್ಲೂ ಮಣ್ಣು ಸಿಗದಿದ್ದರೆ ಹೊರಡಿ.