ಚಿಕಿತೋಸ್ ಊರುಗಳಿಗೆ ಬಸ್ಸಿನಲ್ಲಿ: ನನ್ನ ಅನುಭವ

ಬೊಲಿವಿಯಾ ಎಂದರೆ ಉಪ್ಪಿನ ಬಯಲು, ಆಂಡೀಸ್ ಪರ್ವತ ಎನ್ನುವವರೇ ಹೆಚ್ಚು. ನಾನು ಹೋದದ್ದು ಪೂರ್ವದ ತಗ್ಗುನಾಡಿಗೆ. ಜೆಸ್ಯೂಟ್ ಪಾದ್ರಿಗಳು ಅಲ್ಲಿನ ಮೂಲನಿವಾಸಿಗಳ ದುಡಿಮೆಯಿಂದ ಕಟ್ಟಿಸಿದ ಚಿಕಿತೋಸ್ ಊರುಗಳಿಗೆ. 1767ರಲ್ಲಿ ಸ್ಪೇನಿನ ದೊರೆ ಪಾದ್ರಿಗಳನ್ನು ಹೊರಹಾಕಿದರೂ ಊರುಗಳು ಉಳಿದವು. 1990ರಲ್ಲಿ ಅವುಗಳಲ್ಲಿ ಆರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಆ ಭಾಗದ ದೊಡ್ಡ ನಗರ ಸಾಂತಾಕ್ರೂಸ್‌ನಿಂದ ಬಾಡಿಗೆ ಕಾರು ಹಿಡಿದರೆ ಸುತ್ತಾಟ ಬೇಗ ಮುಗಿಯುತ್ತದೆ. ನನಗೆ ಅದೇ ಬೇಡವಾಗಿತ್ತು. ಬಸ್ಸಿನಲ್ಲಿ ಸಾನ್ ಹಾವಿಯೆರ್, ಕೊನ್ಸೆಪ್ಸಿಯೋನ್ ನೋಡಿಕೊಂಡು ಸಾನ್ ಇಗ್ನಾಸಿಯೊದಲ್ಲಿ ಬಿಡಾರ ಹೂಡಿದೆ. ಅಲ್ಲಿನ ಚರ್ಚು ಮರುನಿರ್ಮಾಣಗೊಂಡದ್ದು, ಪಟ್ಟಿಯಲ್ಲಿ ಅದಿಲ್ಲ. ಆದರೆ ಉಳಿಯಲು ಜಾಗವಿದೆ. ಸಾನ್ ಮಿಗೆಲ್, ಸಾನ್ ರಫಾಯೆಲ್, ಸಾಂತಾ ಆನಾ ಮೂರಕ್ಕೂ ಅಲ್ಲಿಂದಲೇ ಹೋಗಿಬರಬಹುದು. ಏರುವ ಮೊದಲೇ ಮರಳುವ ವಾಹನದ ಸಮಯ ಕೇಳಿಕೊಳ್ಳಿ. ಮಧ್ಯಾಹ್ನದ ಮೇಲೆ ಸಿಗುತ್ತದೆಂಬ ಭರವಸೆ ಬೇಡ.

ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆ, ಚರ್ಚಿಗೂ ಬೀಗ. ಬೆಳಿಗ್ಗೆ ಬೇಗ ಹೋಗುವುದೇ ಸರಿ. ಬಾಗಿಲು ಮುಚ್ಚಿದ್ದರೆ ಚೌಕದಲ್ಲಿ ಕುಳಿತವರನ್ನು ಕೇಳಿದೆ. ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ನಾಲ್ಕು ಸ್ಪ್ಯಾನಿಷ್ ವಾಕ್ಯ ಕಲಿತು ಹೋದದ್ದು ಇಲ್ಲಿ ಕೈಹಿಡಿಯಿತು.

ಒಂದೇ ಊರು ನೋಡಲು ಸಮಯವಿದ್ದರೆ ನಾನು ಸಾಂತಾ ಆನಾ ಎನ್ನುತ್ತೇನೆ. ಕೊನ್ಸೆಪ್ಸಿಯೋನ್ ಭವ್ಯ, ನಿಜ. ಸ್ವಿಸ್ ಪಾದ್ರಿ ಮಾರ್ಟಿನ್ ಶ್ಮಿಡ್ ಅಲ್ಲಿ ಕಟ್ಟಿಸಿದ ಚರ್ಚನ್ನು ಇನ್ನೊಬ್ಬ ಸ್ವಿಸ್ ವಾಸ್ತುಶಿಲ್ಪಿ ಹಾನ್ಸ್ ರೋಟ್ ಜೀರ್ಣೋದ್ಧಾರ ಮಾಡಿಸಿದರು. ನನ್ನ ಕಣ್ಣಿಗೆ ಅದರ ಮೆರುಗು ಸ್ವಲ್ಪ ಹೆಚ್ಚೇ. ಸಾಂತಾ ಆನಾದಲ್ಲಿ ಹುಲ್ಲು ಬೆಳೆದ ಚೌಕ, ಮರದ ಕಂಬಗಳು, ಒಳಗೆ ಬಲಿಪೀಠದ ಮೇಲೆ ಅಂಟಿಸಿದ ಅಭ್ರಕದ ಹಾಳೆಗಳು. ಬಾಗಿಲ ಬೆಳಕು ಬಿದ್ದರೆ ಅವು ಮೀನಿನ ಪೊರೆಯಂತೆ ಮಿನುಗುತ್ತವೆ.

ನವೆಂಬರಿನಿಂದ ಮಾರ್ಚಿನವರೆಗೆ ಮಳೆ. ಮಣ್ಣಿನ ರಸ್ತೆಗಳು ಕೆಸರಾಗುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಣ ಹವೆಯೇನೋ ನಿಜ, ಆದರೆ ದಕ್ಷಿಣದಿಂದ 'ಸುರಾಸೊ' ಗಾಳಿ ಬೀಸಿದರೆ ಸ್ವೆಟರ್ ಬೇಕೇ ಬೇಕು. ಸಮ ವರ್ಷಗಳ ಏಪ್ರಿಲ್‌ನಲ್ಲಿ ಬರೋಕ್ ಎಂಬ ಹಳೆಯ ಯುರೋಪಿಯನ್ ಶೈಲಿಯ ಸಂಗೀತೋತ್ಸವ ನಡೆಯುತ್ತದೆ. ಆಗ ಹೋಗುವವರು ಕೋಣೆಯನ್ನು ಬಹಳ ಮುಂಚೆಯೇ ಕಾದಿರಿಸಬೇಕು. ಸಾಂತಾಕ್ರೂಸ್‌ನಲ್ಲೇ ಬೊಲಿವಿಯಾನೊ ಹಣವನ್ನು ಸಣ್ಣ ನೋಟುಗಳಲ್ಲಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಊಟದ ಕಷ್ಟ. ಚೀಸ್ ಮತ್ತು ಮರಗೆಣಸಿನ ಹಿಟ್ಟಿನ 'ಕುನ್ಯಪೆ' ಎಂಬ ಬನ್ನು ನನ್ನನ್ನು ಕಾಪಾಡಿತು.

ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನಕ್ಕೂ ಮೊದಲೇ ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರವಿಲ್ಲದೆ ಬೊಲಿವಿಯಾದಿಂದ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್‌ಗೆ ಕಳುಹಿಸಬಹುದು.