‘ಕಾಷನ್’ ಬೋರ್ಡನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಆಸ್ಪತ್ರೆಯೊಂದರಲ್ಲಿ ಹಳದಿ ಬೋರ್ಡು ನೋಡಿದೆ: ‘ಎಚ್ಚರಿಕೆ ಒದ್ದೆ ಮಹಡಿ’. ಇಂಗ್ಲಿಷಿನ ‘ಕಾಷನ್, ವೆಟ್ ಫ್ಲೋರ್’ನಲ್ಲಿ ನೆಲ ಎನ್ನುವ ಅರ್ಥದ ಫ್ಲೋರ್ ಇಲ್ಲಿ ಮಹಡಿಯಾಗಿತ್ತು. ವಯಸ್ಸಾದವರೊಬ್ಬರು ಅದನ್ನು ಓದಿ, ಅರ್ಥವಾಗದೆ, ಅದೇ ಒದ್ದೆ ನೆಲದ ಮೇಲೆ ನಡೆದುಹೋದರು. ಅವತ್ತಿನಿಂದ ಇದನ್ನು ಬರೆಯಬೇಕು ಅನ್ನಿಸಿದೆ.

ಮೊದಲು, ‘ಕಾಷನ್’ ಎಂಬ ಪದ ಎಲ್ಲಿ ಬಂದಿದೆ ನೋಡಿ. ಕಾಲೇಜಿನ ರಸೀದಿಯ ‘ಕಾಷನ್ ಡಿಪಾಸಿಟ್’ ಅಂದರೆ ಭದ್ರತಾ ಠೇವಣಿ. (ಕೋರ್ಸ್ ಮುಗಿದ ಮೇಲೆ ಕೇಳಿ ವಾಪಸ್ ಪಡೆಯಿರಿ, ಮರೆಯುವವರು ಜಾಸ್ತಿ.) ಫುಟ್‌ಬಾಲ್‌ನಲ್ಲಿ ಅದು ಹಳದಿ ಕಾರ್ಡು. ರೈಲ್ವೆಯ ‘ಕಾಷನ್ ಆರ್ಡರ್’ ಎಂದರೆ ಎಲ್ಲಿ ಎಷ್ಟು ವೇಗಕ್ಕೆ ಇಳಿಸಬೇಕು ಎಂದು ಲೋಕೋ ಪೈಲಟ್‌ಗೆ ಕೊಡುವ ಚೀಟಿ. ಇಲ್ಲೆಲ್ಲ ‘ಎಚ್ಚರಿಕೆ’ ಎಂದು ಸುಮ್ನೆ ಹಾಕಬೇಡಿ.

ಆಮೇಲೆ, ಅಪಾಯ ಎಷ್ಟು ದೊಡ್ಡದು ಅಳೆಯಿರಿ. ಸುರಕ್ಷತಾ ಬೋರ್ಡುಗಳಿಗೆಂದು ಇರುವ ಅಮೆರಿಕದ ಆನ್ಸಿ ಝಡ್535 ಮಾನದಂಡದಲ್ಲಿ ಗಾಯದ ಅಪಾಯಕ್ಕೆ ಮೂರು ಮೆಟ್ಟಿಲುಗಳಿವೆ. ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಭಾರೀ ಗಾಯ ಖಂಡಿತ ಎನ್ನುವಲ್ಲಿ ಕೆಂಪು ‘ಡೇಂಜರ್’. ಹಾಗೆ ಆಗಬಹುದು ಎನ್ನುವಲ್ಲಿ ಕಿತ್ತಳೆ ‘ವಾರ್ನಿಂಗ್’. ಸಣ್ಣ ಅಥವಾ ಮಧ್ಯಮ ಗಾಯವಾಗಬಹುದಾದಲ್ಲಿ ಹಳದಿ ‘ಕಾಷನ್’. ನಾನು ಇವಕ್ಕೆ ಅಪಾಯ, ಎಚ್ಚರಿಕೆ, ಜೋಕೆ ಎಂದೇ ಬರೆಯುತ್ತೇನೆ. ಮೂರಕ್ಕೂ ಒಂದೇ ಪದ ಹಾಕಿದರೆ ಕರೆಂಟ್ ಕಂಬವೂ ಒದ್ದೆ ನೆಲವೂ ಒಂದೇ ಆಗಿಬಿಡುತ್ತವೆ.

ಈಗ ಎಲ್ಲರೂ ಎಡವುವ ಜಾಗ: ವಾಕ್ಯ. ಇಂಗ್ಲಿಷಿನಲ್ಲಿ ‘ವೆಟ್ ಫ್ಲೋರ್’ ಎಂದು ವಸ್ತುವಿನ ಹೆಸರು ಹೇಳಿದರೆ ಸಾಕು. ಕನ್ನಡದಲ್ಲಿ ಏನಾದೀತು ಎಂದು ಹೇಳಬೇಕು. ಅದಕ್ಕೆಂದೇ ನಮ್ಮಲ್ಲಿ ಒಳ್ಳೆಯ ಕ್ರಿಯಾರೂಪವಿದೆ: ಜಾರೀತು, ಸುಟ್ಟೀತು, ತಗುಲೀತು. ಚಿಕ್ಕವರಿದ್ದಾಗ ಅಮ್ಮ ‘ಬಿದ್ದೀಯ, ನೋಡ್ಕೊಂಡು ಹೋಗು’ ಅನ್ನುತ್ತಿದ್ದರು, ಅಲ್ವಾ? ಕಾಲು ತಾನಾಗಿ ನಿಧಾನವಾಗುತ್ತಿತ್ತು. ಹಾಗಾಗಿ ‘ನೆಲ ಒದ್ದೆಯಿದೆ, ಕಾಲು ಜಾರೀತು’ ಎಂದು ಬರೆಯಿರಿ. ಬಾಗಿಲು ತಗ್ಗಾಗಿದ್ದರೆ ‘ತಲೆ ತಗುಲೀತು, ಬಗ್ಗಿ ಬನ್ನಿ’. ಬಿಸಿನೀರಿನ ನಲ್ಲಿಗೆ ‘ಕೈ ಸುಟ್ಟೀತು, ಜೋಕೆ’. ‘ಪ್ರೊಸೀಡ್ ವಿತ್ ಕಾಷನ್’ ಇದ್ದರೆ ‘ಎಚ್ಚರಿಕೆಯೊಂದಿಗೆ ಮುಂದುವರಿಯಿರಿ’ ಬೇಡವೇ ಬೇಡ. ‘ನೋಡಿಕೊಂಡು ನಿಧಾನ ಹೋಗಿ’ ಸಾಕು.

ಮೊಬೈಲಿನ ಅನುವಾದವನ್ನು ನೇರ ಪ್ರಿಂಟಿಗೆ ಕಳಿಸಬೇಡಿ. ಮಹಡಿ ಬಂದದ್ದು ಅಂಥ ಅವಸರದಿಂದಲೇ ಇರಬೇಕು. ಅಂಗಡಿಯಲ್ಲಿ ಸಿಗುವ ರೆಡಿ ಸ್ಟಿಕ್ಕರುಗಳಲ್ಲಿ ಒತ್ತಕ್ಷರ ಒಡೆದು ಹೋಗಿರುವುದುಂಟು, ಕೊಳ್ಳುವ ಮೊದಲು ಓದಿ ನೋಡಿ.

ಹಳದಿ ಹಿನ್ನೆಲೆ, ಕಪ್ಪು ದಪ್ಪ ಅಕ್ಷರ.

ಕೊನೆಗೆ, ನೆಲ ಒರೆಸುವವರಿಗೆ ಒಮ್ಮೆ ಓದಿ ಹೇಳಿ. ಜನರನ್ನು ತಡೆಯಲು ಅವರು ದಿನವೂ ಕೂಗಿ ಹೇಳುವ ಮಾತು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ಬರೆಸಿ.