ಕತಬ ಓದಲು ಕಮಲ ಸಾಕು: ಹರಕತ್ ಕಲಿತು, ಕಲಿಸಿದ ನನ್ನ ಅನುಭವ

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮನೆ ಮಂಗಳೂರು ಕಡೆಯ ತೊಕ್ಕೊಟ್ಟಿನ ಹತ್ತಿರ. ಇಳಿಹೊತ್ತಿನ ಅಸರ್ ನಮಾಝ್ ಮುಗಿದ ಮೇಲೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ನಮ್ಮ ಚಾವಡಿಯಲ್ಲಿ ಸೇರುತ್ತಾರೆ. ಅರಬಿ ಅಕ್ಷರ ಓದುವುದನ್ನು ಕಲಿಯಲೆಂದು ಬರುವವರು. ಕೆಲವರು ಚಿಕ್ಕಂದಿನಲ್ಲಿ ಅರ್ಧಕ್ಕೆ ಬಿಟ್ಟವರು, ಇಬ್ಬರು ಮದ್ರಸದ ಮೆಟ್ಟಿಲೇ ಹತ್ತದವರು. ಅಕ್ಷರ ಗುರುತಿಸಲು ಎಲ್ಲರೂ ಬೇಗ ಕಲಿಯುತ್ತಾರೆ. ಸಿಕ್ಕಿಬೀಳುವುದು ಹರಕತ್ತಿನಲ್ಲಿ, ಅಂದರೆ ಅಕ್ಷರದ ಮೇಲೆ ಕೆಳಗೆ ಹಾಕುವ ಆ ಚಿಕ್ಕ ಗುರುತುಗಳಲ್ಲಿ.

ನಾನೂ ಅಲ್ಲೇ ಸಿಕ್ಕಿಬಿದ್ದಿದ್ದೆ. ಮದ್ರಸದಲ್ಲಿ "ಬಾ ಫತಹ್ ಬ, ಬಾ ಕಸ್ರ್ ಬಿ, ಬಾ ಳಮ್ಮ್ ಬು" ಎಂದು ಎಲ್ಲರೂ ಒಟ್ಟಿಗೆ ರಾಗವಾಗಿ ಹೇಳುತ್ತಿದ್ದೆವು. ಬಾ ಎಂಬುದು ಅಕ್ಷರ, ಫತಹ್, ಕಸ್ರ್, ಳಮ್ಮ್ ಎಂಬುವು ಅ, ಇ, ಉ ಸ್ವರಗಳ ಗುರುತುಗಳು. ರಾಗ ಈಗಲೂ ನೆನಪಿದೆ. ಆದರೆ ಯಾವ ಗುರುತಿಗೆ ಬಾಯಿ ಹೇಗಿರಬೇಕು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 36ನೇ ವಯಸ್ಸಿನಲ್ಲಿ ಪರಿಚಯದ ಒಬ್ಬರು ಹಿರಿಯ ಹೆಂಗಸಿನ ಮುಂದೆ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಿದೆ. ಅವರು ಕುರ್‌ಆನ್ ಚೆನ್ನಾಗಿ ಕಲಿತವರು. ಕೊನೆಯ ಆಯತ್ತಿನಲ್ಲಿ (ವಾಕ್ಯದಲ್ಲಿ) ನನ್ನ ಕೈ ಹಿಡಿದು ನಿಲ್ಲಿಸಿದರು.

"ಟೀಚರೇ, ಅದು ಅನ್‌ಅಮ್ತ ಅಲ್ವಾ? ನೀವು ಅನ್‌ಅಮ್ತು ಅಂದ್ರಿ."

ತಾ ಅಕ್ಷರದ ಮೇಲೆ ಫತಹ್ ಇದ್ದರೆ 'ನೀನು ಅನುಗ್ರಹಿಸಿದೆ' ಎಂದು ಅರ್ಥ. ಅದೇ ಳಮ್ಮ್ ಆಗಿಬಿಟ್ಟರೆ 'ನಾನು ಅನುಗ್ರಹಿಸಿದೆ' ಎಂದಾಗುತ್ತದೆ. ಅಲ್ಲಾಹನಿಗೆ ಹೇಳಬೇಕಾದ ಮಾತನ್ನು ನನಗೇ ಹೇಳಿಕೊಂಡ ಹಾಗೆ. ಕನ್ನಡದಲ್ಲಿ ನೋಡಿ, ನಾನಾದರೂ ನೀನಾದರೂ 'ಅನುಗ್ರಹಿಸಿದೆ' ಎಂದೇ ಇರುತ್ತದೆ. ಯಾರು ಎಂಬುದನ್ನು ಬೇರೆ ಹೇಳಬೇಕು. ಅರಬಿಯಲ್ಲಿ ಆ ನಾನು, ನೀನು ಎರಡೂ ಒಂದು ಸಣ್ಣ ಗುರುತಿನೊಳಗೆ ಕೂತಿವೆ. ದಿನಕ್ಕೆ ಫರ್ಳ್, ಅಂದರೆ ಕಡ್ಡಾಯ ನಮಾಝಿನ 17 ರಕಅತ್ (ಸುತ್ತು), ಪ್ರತಿ ರಕಅತ್ತಿನಲ್ಲೂ ಫಾತಿಹಾ. ಎಷ್ಟು ವರ್ಷ ಹಾಗೆ ಓದಿದ್ದೆ ಎಂದು ಲೆಕ್ಕ ಹಾಕಲು ಕೂತು, ಅರ್ಧಕ್ಕೇ ಬಿಟ್ಟೆ. ಮರುದಿನದಿಂದ ಅವರ ಹತ್ತಿರ ಮೊದಲ ಪಾಠಕ್ಕೆ ಕೂತೆ.

ಅವರು ಮೊದಲು ಹೇಳಿಕೊಟ್ಟದ್ದು ಹೆಸರುಗಳ ಅರ್ಥ. ಫತಹ್ ಅಂದರೆ ತೆರೆಯುವುದು. ಕಸ್ರ್ ಅಂದರೆ ಮುರಿಯುವುದು. ಳಮ್ಮ್ ಅಂದರೆ ಕೂಡಿಸುವುದು. ಬಾಯಿ ಮಾಡಬೇಕಾದ ಕೆಲಸ ಹೆಸರಿನಲ್ಲೇ ಇದೆ. 'ಅ'ಗೆ ಬಾಯಿ ತೆರೆಯಬೇಕು, 'ಇ'ಗೆ ದವಡೆ ಕೆಳಗೆ ಇಳಿಯಬೇಕು, 'ಉ'ಗೆ ತುಟಿಗಳು ಮುಂದೆ ಬಂದು ದುಂಡಗಾಗಬೇಕು. ನಾನು ಕನ್ನಡಿ ಹಿಡಿದು ಅಭ್ಯಾಸ ಮಾಡಿದೆ. ನನ್ನ ತುಟಿ ಳಮ್ಮ್‌ಗೆ ಅರ್ಧ ಮಾತ್ರ ದುಂಡಗಾಗುತ್ತಿತ್ತು, ಫತಹ್‌ಗೆ ಅರ್ಧ ಮಾತ್ರ ತೆರೆಯುತ್ತಿತ್ತು. 'ತ' ಮತ್ತು 'ತು' ಕಲಸಿಹೋದದ್ದು ಅದಕ್ಕೇ. ಈಗ ನನ್ನ ಕ್ಲಾಸಿನಲ್ಲೂ ಚಾಪೆಯ ಮೇಲೆ ಒಂದು ಕೈಗನ್ನಡಿ ಯಾವಾಗಲೂ ಇರುತ್ತದೆ.

ನಮ್ಮಲ್ಲಿ ಉರ್ದು ಮಾತಾಡುವ ಮನೆಯಿಂದ ಒಬ್ಬರು ಬರುತ್ತಾರೆ. ಅವರು ಇದೇ ಮೂರನ್ನು ಜಬರ್, ಜೇರ್, ಪೇಶ್ ಎನ್ನುತ್ತಾರೆ. ನಾವು ಬ್ಯಾರಿ ಮಾತಾಡುವವರು ರಮಳಾನ್ ಅಂದರೆ ಅವರು ರಮಜಾನ್ ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಗುರುತು ಒಂದೇ. ಇದರ ಮೇಲೆ ಹೊತ್ತು ಕಳೆಯುವುದು ಬೇಡ ಎಂದು ನಾನು ಮೊದಲ ದಿನವೇ ಹೇಳಿಬಿಡುತ್ತೇನೆ.

ಹೊತ್ತು ಕೊಡಬೇಕಾದದ್ದು ಉದ್ದಕ್ಕೆ. ಕಲಿಯಲು ಶುರು ಮಾಡಿದವರು ನಿಧಾನವಾಗಿ ಓದುತ್ತಾರೆ. ನಿಧಾನ ಆದ ಕೂಡಲೇ ಸ್ವರ ಎಳೆಯುತ್ತದೆ. 'ಬ' ಹೋಗಿ 'ಬಾ' ಆಗುತ್ತದೆ. ಕತಬ ಅಂದರೆ 'ಅವನು ಬರೆದನು'. ಕಾತಬ ಅಂದರೆ 'ಅವನು ಪತ್ರ ವ್ಯವಹಾರ ಮಾಡಿದನು'. ಹೀಗೆ ಹೇಳಿದರೆ ಹೊಸಬರಿಗೆ ಏನೂ ಅನಿಸುವುದಿಲ್ಲ, ಯಾಕೆಂದರೆ ಎರಡೂ ಗೊತ್ತಿಲ್ಲದ ಪದಗಳು. ಒಂದು ದಿನ ನಾನು ಬೋರ್ಡಿನಲ್ಲಿ ಬರೆದೆ: ನಡು, ನಾಡು. ಬಿಡು, ಬೀಡು. ಕುಡಿ, ಕೂಡಿ. ಅ, ಇ, ಉ ಮೂರಕ್ಕೂ ಒಂದೊಂದು ಜೋಡಿ. "ಇವೆರಡನ್ನು ನೀವು ಯಾವತ್ತಾದರೂ ಅದಲುಬದಲು ಮಾಡಿದ್ದೀರಾ?" ಎಂದು ಕೇಳಿದೆ. ಎಲ್ಲರೂ ಇಲ್ಲ ಎಂದರು. ಹ್ರಸ್ವ ಯಾವುದು, ದೀರ್ಘ ಯಾವುದು ಎಂದು ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಅರಬಿಗೆ ಬಂದಾಗ ಅದೇ ಕಿವಿಯನ್ನು ಬಳಸಬೇಕು, ಅಷ್ಟೇ.

ಆಮೇಲೆ ಛಂದಸ್ಸಿನ ಪಾಠ ನೆನಪಾಯಿತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕುರ್‌ಆನ್ ಓದುವ ನಿಯಮಗಳಾದ ತಜ್ವೀದಿನಲ್ಲೂ ಹಾಗೆಯೇ. ಹರಕತ್ತಿಗೆ ಒಂದು ಎಣಿಕೆ, ಸಾಮಾನ್ಯ ದೀರ್ಘಕ್ಕೆ ಎರಡು. ಇನ್ನೊಂದು ವಿಷಯ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು. ಅರಬಿಯಲ್ಲಿ ಮೊದಲು ಈ ಸ್ವರಗಳನ್ನು ಬಣ್ಣದ ಚುಕ್ಕಿಗಳಿಂದ ತೋರಿಸುತ್ತಿದ್ದರು. ಈಗಿನ ಗುರುತುಗಳಿಗೆ ರೂಪ ಕೊಟ್ಟವರು 8ನೇ ಶತಮಾನದ ಬಸರಾದ ವಿದ್ವಾಂಸ ಅಲ್-ಖಲೀಲ್ ಇಬ್ನ್ ಅಹ್ಮದ್ ಎಂದು ಹೇಳುತ್ತಾರೆ. ಳಮ್ಮ್‌ನ ಗುರುತನ್ನು ಹತ್ತಿರದಿಂದ ನೋಡಿದರೆ ಅದು 'ಊ'ಗೂ ಬಳಸುವ ವಾವ್ ಅಕ್ಷರದ ಪುಟ್ಟ ರೂಪವೇ. ಅರಬಿ ಛಂದಶ್ಶಾಸ್ತ್ರಕ್ಕೆ ಅಡಿಪಾಯ ಹಾಕಿದವರೂ ಇದೇ ಖಲೀಲ್. ಲಘು ಗುರು ಕಲಿಸಿ ಜೀವನ ಮಾಡುವ ನನಗೆ ಅವರು ನಮ್ಮ ಮನೆಯವರೇ ಎನಿಸಿತು.

ಒಂದೊಂದೇ ಅಕ್ಷರ ಬಿಡಿಸಿ ಓದಿಸುವುದನ್ನು ಅಲ್ಲಿಂದ ಕಡಿಮೆ ಮಾಡಿದೆ. ಮೂರು ಅಕ್ಷರಗಳನ್ನು ಒಂದೇ ಉಸಿರಿನಲ್ಲಿ ಹೇಳಿಸುತ್ತೇನೆ, ಜೊತೆಗೆ ಅದೇ ಸ್ವರಗಳಿರುವ ಒಂದು ಕನ್ನಡ ಪದ. ಕತಬಕ್ಕೆ ಕಮಲ. ಶರಿಬ ಎಂಬ ಪದವಿದೆ, 'ಕುಡಿದನು' ಎಂದು ಅರ್ಥ. ಅದಕ್ಕೆ ಗಣಿತ. ಕರುಮ ಅಂದರೆ 'ಉದಾರಿಯಾದನು', ಅದಕ್ಕೆ ಗರುಡ. ಕುತಿಬ ಅಂದರೆ 'ಬರೆಯಲ್ಪಟ್ಟಿತು', ಅದಕ್ಕೆ ಗುಣಿತ. ಗಣಿತವನ್ನು ಯಾರೂ 'ಗಣೀತ' ಎನ್ನುವುದಿಲ್ಲ, ಅಲ್ವಾ? ಹಾಗಾಗಿ ಶರಿಬ ಕೂಡ 'ಶರೀಬ' ಆಗುವುದಿಲ್ಲ. ಎರಡು ವಾರ ರಾಗ ಎಳೆದು ಎಳೆದು ಸಾಕಾಗಿದ್ದವರು ಒಂದೇ ಸಂಜೆಯಲ್ಲಿ ಸರಿಯಾಗಿ ಓದಿದರು. ನಾನು ಕಂಡುಕೊಂಡದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

28 ಅಕ್ಷರಗಳನ್ನೂ ಇದ್ದ ಕ್ರಮದಲ್ಲೇ ಓಡಿಸುವುದಿಲ್ಲ. ಬಾ, ತಾ, ಸೀನ್, ಲಾಮ್, ಮೀಮ್, ನೂನ್ ಇವುಗಳಲ್ಲಿ ಹರಕತ್ ಕೈಗೆ ಬರಲಿ. ಗಂಟಲಿನ ಅಕ್ಷರಗಳು ಆಮೇಲೆ. ಹೊಸ ವ್ಯಂಜನದ ಕಷ್ಟ, ಹೊಸ ಗುರುತಿನ ಕಷ್ಟ ಎರಡನ್ನೂ ಒಟ್ಟಿಗೆ ಹೊರಿಸಿದರೆ ಪಾಪ, ಯಾರಿಗಾದರೂ ಬೇಸರ ಬರುತ್ತದೆ.

ಇನ್ನು ಸುಕೂನ್, ಅಕ್ಷರಕ್ಕೆ ಸ್ವರವಿಲ್ಲ ಎಂದು ತೋರಿಸುವ ಗುರುತು. ಹರಕತ್ ಅಂದರೆ ಚಲನೆ, ಸುಕೂನ್ ಅಂದರೆ ಅಲುಗದೆ ಸುಮ್ಮನಿರುವುದು. ನಮ್ಮ ಊರಿನ ಬಾಯಿಗೆ ಸುಮ್ಮನಿರುವುದೇ ಕಷ್ಟ. ನಾವು ಬಸ್ಸು, ಕಾರು, ಫೋನು ಎಂದು ಎಲ್ಲದಕ್ಕೂ ಕೊನೆಗೆ ಒಂದು 'ಉ' ಸೇರಿಸುವವರು. ತುಳುವಿನಲ್ಲಂತೂ ಪದದ ಕೊನೆಗೆ ಒಂದು ಅರ್ಧ ಉಕಾರ ಇರುತ್ತದೆ. ಹಾಗಾಗಿ ಕೊನೆಯಲ್ಲಿ 'ಉ' ಸೇರುತ್ತದೆ, ನಡುವೆ ಬಂದರೆ 'ಅ' ಸೇರುತ್ತದೆ. ಅಲ್‌ಹಮ್ದು ಎನ್ನುವುದು 'ಅಲಹಮದು' ಆಗುವುದು ಹೀಗೆ. ನಾನು ಮೀಮ್‌ನಿಂದ ಶುರು ಮಾಡಿಸುತ್ತೇನೆ: ಅಮ್, ಇಮ್, ಉಮ್. ತುಟಿ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಎರಡು ಎಣಿಸಿ ಆಮೇಲೆ ತೆರೆಯಬೇಕು. ಆಮೇಲೆ ಲಾಮ್, ನೂನ್. ಬಾ, ದಾಲ್, ಜೀಮ್ ಬೇಕೆಂದೇ ಕೊನೆಗೆ ಇಡುತ್ತೇನೆ. ಸುಕೂನ್ ಇದ್ದಾಗ ಅವುಗಳಲ್ಲಿ ಒಂದು ಸಣ್ಣ ಪುಟಿತ ಇರಬೇಕು, ಕಲ್‌ಕಲ ಎನ್ನುತ್ತಾರೆ. ಅದನ್ನು ಮೊದಲೇ ಕಲಿಸಿದರೆ ನಮ್ಮವರು ಆ ಪುಟಿತವನ್ನೇ ಪೂರ್ತಿ 'ಉ' ಮಾಡಿಬಿಡುತ್ತಾರೆ.

ಕನ್ನಡ ಕೈ ಹಿಡಿಯುವಂತೆ ಕೆಲವು ಕಡೆ ಎಡವಿಸುತ್ತದೆ ಕೂಡ. ನಮ್ಮಲ್ಲಿ ಎ, ಒ ಇವೆ. ಅರಬಿಯ ಹ್ರಸ್ವ ಸ್ವರಗಳು ಮೂರೇ. 'ಮಿನ್' ಎನ್ನುವುದನ್ನು 'ಮೆನ್' ಎಂದು ಓದಿದರೆ ನಾನು ಬಿಡುವುದಿಲ್ಲ. ಸ್ವಾದ್ ಅಕ್ಷರದ್ದು ಇನ್ನೊಂದು ತೊಂದರೆ. ನಾವು ಅದರ ಹೆಸರನ್ನೇ 'ಸ್ವಾದ್' ಎಂದು ಹೇಳಿ ಕಲಿತಿರುವುದರಿಂದ ಅದಕ್ಕೆ ಫತಹ್ ಬಂದಾಗ 'ಸ್ವ' ಎಂದುಬಿಡುತ್ತೇವೆ. ಅಲ್ಲಿ ವಕಾರ ಇಲ್ಲವೇ ಇಲ್ಲ. ನಾಲಿಗೆಯ ಹಿಂಭಾಗ ಮೇಲೇರಿ ಸದ್ದು ದಪ್ಪವಾಗಬೇಕು, ತುಟಿ ದುಂಡಗಾಗಬಾರದು. ಇಲ್ಲೂ ಕನ್ನಡಿಯೇ ಗತಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಅರಬಿ ಸಾಲಿನ ಕೆಳಗೆ ಕನ್ನಡದಲ್ಲಿ ಬರೆದುಕೊಳ್ಳಲು ಬಿಡುವುದಿಲ್ಲ. ಹೃದಯ ಎಂಬ ಅರ್ಥದ ಪದವನ್ನೂ ನಾಯಿ ಎಂಬ ಅರ್ಥದ ಪದವನ್ನೂ ಕನ್ನಡದಲ್ಲಿ ಬರೆದರೆ ಎರಡೂ 'ಕಲ್ಬ್'. ಅರಬಿಯಲ್ಲಿ ಮೊದಲನೆಯದರ ಕಾಫ್ ಕಿರುನಾಲಿಗೆಯ ಹತ್ತಿರದಿಂದ ಬರುತ್ತದೆ, ಎರಡನೆಯದು ನಮ್ಮ 'ಕ'ದ ಹಾಗೆ. ಖಾ ಅಂದರೆ ನಮ್ಮ ಖ ಅಲ್ಲ, ಗೈನ್ ಅಂದರೆ ಘ ಅಲ್ಲ. ಹೋಲಿಕೆಗೆ ಕನ್ನಡ ಬೇಕು. ಬರಹಕ್ಕೆ ಬೇಡ.

ಶದ್ದ್, ಅಂದರೆ ವ್ಯಂಜನವನ್ನು ಒತ್ತಿ ಎರಡಾಗಿ ಹೇಳಿಸುವ ಗುರುತು, ನಮಗೆ ಒಂದೇ ದಿನದ ಪಾಠವಾಯಿತು. ಅಕ್ಕ, ಅಪ್ಪ, ಉಮ್ಮ ಎಂದು ದಿನವಿಡೀ ಕರೆಯುವವರಿಗೆ ಒತ್ತು ಕಲಿಸಬೇಕಾ?

ಮೊನ್ನೆ ಒಬ್ಬಾಕೆಯ ಗಂಡ ಸೌದಿಯ ದಮ್ಮಾಮಿನಿಂದ ಅಂಗಡಿ ಬೋರ್ಡಿನ ಫೋಟೋ ಕಳಿಸಿದ್ದರು, ಓದು ನೋಡೋಣ ಎಂದು. ಅದರಲ್ಲಿ ಹರಕತ್ತೇ ಇಲ್ಲ. ಆಕೆ ಮುಖ ಸಣ್ಣ ಮಾಡಿಕೊಂಡು ಬಂದರು. ಪೇಪರು, ಬೋರ್ಡುಗಳಲ್ಲಿ ಸಾಮಾನ್ಯವಾಗಿ ಹರಕತ್ ಹಾಕುವುದಿಲ್ಲ, ಭಾಷೆ ಬಲ್ಲವರು ಪದ ನೋಡಿಯೇ ಸ್ವರ ಸೇರಿಸಿಕೊಳ್ಳುತ್ತಾರೆ ಎಂದು ವಿವರಿಸಿದೆ. ಕನ್ನಡದಲ್ಲಿ ಕಾಗುಣಿತ ಅಕ್ಷರಕ್ಕೇ ಅಂಟಿರುತ್ತದೆ, ಅರಬಿಯಲ್ಲಿ ಗುರುತುಗಳನ್ನು ತೆಗೆದಿಡಬಹುದು. ಆಕೆಗೆ ಅಕ್ಷರಗಳೆಲ್ಲ ಗುರುತು ಸಿಕ್ಕವು. ನಾನು ಪೆನ್ಸಿಲಿನಲ್ಲಿ ಆ ಪದವನ್ನು ಬರೆದು ಗುರುತುಗಳನ್ನು ಹಾಕಿಕೊಟ್ಟೆ: ಮಖ್‌ಬಝ್. ಖಾ ಮತ್ತು ಕೊನೆಯ ಝಾಯ್ ಮೇಲೆ ಸುಕೂನ್, ಉಳಿದೆರಡಕ್ಕೆ ಫತಹ್. ಬೇಕರಿ ಎಂದು ಅರ್ಥ. ಆಕೆ ಕೊನೆಗೆ 'ಉ' ಸೇರಿಸದೆ ಓದಿ, ಅಲ್ಲೇ ಕೂತು ಗಂಡನಿಗೆ ವಾಯ್ಸ್ ಮೆಸೇಜ್ ಕಳಿಸಿದರು.